ಮೈತ್ರಿ ನಿಂತಿರುವ ನೆಲವನ್ನು ಕನ್ನಡದ ನಕ್ಷೆಯಲ್ಲಿ ಏನೆಂದು ಬರೆಯೋಣ?

ನಕ್ಷೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಪ್ರೌಢಶಾಲೆಯ ಗ್ರಂಥಾಲಯದ ಗೋಡೆಗೆಂದು ಅಂಟಾರ್ಕ್ಟಿಕಾ ಖಂಡದ ಕನ್ನಡ ನಕ್ಷೆಯೊಂದನ್ನು ಕೈಯಿಂದಲೇ ಬರೆಯುತ್ತಿದ್ದೇನೆ. ಒಂದು ಸೆಂಟಿಮೀಟರಿಗೆ ನೂರು ಕಿಲೋಮೀಟರಿನ ಅಳತೆ. ತೀರದ ಗೆರೆ, ಧ್ರುವದ ಬಿಂದು, ಭಾರತದ ಮೈತ್ರಿ ಮತ್ತು ಭಾರತಿ ನೆಲೆಗಳು ಇವೆಲ್ಲ ಸುಸೂತ್ರವಾಗಿ ಕೂತವು. ಹೆಸರು ಬರೆಯಲು ಹೊರಟಾಗ ಕೈ ನಿಂತಿತು.

ಮೈತ್ರಿ ಇರುವ ವಿಶಾಲ ಪ್ರದೇಶವನ್ನು ಇಂಗ್ಲಿಷ್ ನಕ್ಷೆಗಳು ‘ಕ್ವೀನ್ ಮಾಡ್ ಲ್ಯಾಂಡ್’ ಎನ್ನುತ್ತವೆ, ನಾರ್ವೆಯ ನಕ್ಷೆಗಳು ‘ಡ್ರೋನಿಂಗ್ ಮೌಡ್ ಲಾಂಡ್’ ಎನ್ನುತ್ತವೆ. ಪೆನ್ಸಿಲಿನಲ್ಲಿ ‘ರಾಣಿ ಮಾಡ್ ಲ್ಯಾಂಡ್’ ಎಂದು ಬರೆದಿಟ್ಟಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ, ‘ರಾಣಿ ಏನ್ ಮಾಡಿದ್ಲು ಸಾರ್?’ ಎಂದು ಕೇಳಿದಳು. ನಗು ಬಂದರೂ ಪ್ರಶ್ನೆ ತಪ್ಪೇನಲ್ಲ ಅನಿಸಿತು. ಈ ರಾಣಿ ಯಾರು, ಆಕೆ ಏನು ಮಾಡಿದಳೆಂದು ಇಷ್ಟು ನೆಲಕ್ಕೆ ಅವಳ ಹೆಸರು ಬಂತು, ಅದನ್ನು ಕನ್ನಡದಲ್ಲಿ ಹೇಗೆ ಬರೆದರೆ ಸರಿ, ಅದಕ್ಕೊಂದು ಗಡಿಗೆರೆ ಎಳೆಯಬೇಕೇ ಬೇಡವೇ ಎಂಬುದನ್ನು ಬಲ್ಲವರು ತಿಳಿಸಿದರೆ ಶಾಯಿ ಹಾಕುತ್ತೇನೆ.

ಭೂಗೋಳದ ಮೇಷ್ಟ್ರು

ಹೆಸರಿಗಿಂತ ಮೊದಲು ನೆಲವನ್ನು ನೋಡೋಣ. ಪಶ್ಚಿಮ ರೇಖಾಂಶ 20 ಡಿಗ್ರಿಯಿಂದ ಪೂರ್ವ ರೇಖಾಂಶ 45 ಡಿಗ್ರಿಯವರೆಗೆ, ಅಂದರೆ ಆಫ್ರಿಕಾದ ದಕ್ಷಿಣಕ್ಕೆ ಸಾಗರವನ್ನು ದಾಟಿದರೆ ಎದುರಾಗುವ ಇಡೀ ಭಾಗ ಇದು. ವಿಸ್ತೀರ್ಣ ಸುಮಾರು 27 ಲಕ್ಷ ಚದರ ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಖಂಡದ ಹೆಚ್ಚುಕಡಿಮೆ ಐದನೆಯ ಒಂದು ಪಾಲು, ನಮ್ಮ ಮಟ್ಟಿಗೆ ಹೇಳುವುದಾದರೆ ಹದಿನಾಲ್ಕು ಕರ್ನಾಟಕಗಳು. ಇಷ್ಟು ದೊಡ್ಡ ಜಾಗದಲ್ಲಿ ಊರೆಂಬುದು ಒಂದೂ ಇಲ್ಲ, ಇರುವವು ಸಂಶೋಧನಾ ನೆಲೆಗಳು ಮಾತ್ರ.

ಕಡಲಿನಿಂದ ಬಂದವರಿಗೆ ಮೊದಲು ಕಾಣುವುದು ನೆಲವಲ್ಲ. ಒಳನಾಡಿನ ಹಿಮ ತನ್ನ ಭಾರಕ್ಕೇ ಜಾರುತ್ತ ಬಂದು, ನೆಲದ ಅಂಚನ್ನು ದಾಟಿ ಸಮುದ್ರದ ಮೇಲೆ ಚಾಚಿ ತೇಲುತ್ತದೆ. ಹಡಗಿನವರು ನೋಡುವುದು ಈ ತೇಲುವ ಹಿಮಹಾಸಿನ ಅಂಚನ್ನು, ಹಲವು ಮಹಡಿಗಳ ಎತ್ತರದ ಬಿಳಿಯ ಗೋಡೆಯನ್ನು. ಮೈತ್ರಿಗೆ ಸಾಮಾನು ಒಯ್ಯುವ ಹಡಗು ‘ಇಂಡಿಯಾ ಬೇ’ ಎಂದು ನಮ್ಮವರು ಕರೆಯುವ ಕಡೆ ಈ ಅಂಚಿಗೇ ತಾಗಿ ನಿಲ್ಲುತ್ತದೆ. ಅಲ್ಲಿಂದ ನೆಲೆಗೆ ಸುಮಾರು ನೂರು ಕಿಲೋಮೀಟರ್ ಹಿಮದ ಮೇಲೆ ಸರಪಳಿಗಾಲಿಯ ವಾಹನದಲ್ಲಿ ಹೋಗಬೇಕು.

ಹಿಮಹಾಸನ್ನು ದಾಟಿದರೆ ಷಿರ್ಮಾಖರ್ ಓಯಸಿಸ್ ಸಿಗುತ್ತದೆ. ಉದ್ದ ಸುಮಾರು 25 ಕಿಲೋಮೀಟರ್, ಅಗಲ ಮೂರು ಕಿಲೋಮೀಟರಿನ ಆಸುಪಾಸು, ಹಿಮವಿಲ್ಲದ ಬೋಳುಬಂಡೆಯ ನೆಲ, ನೂರಕ್ಕೂ ಹೆಚ್ಚು ಕೆರೆಗಳು. ಮೈತ್ರಿ ಇರುವುದು ಇಲ್ಲಿಯೇ, ದಕ್ಷಿಣ ಅಕ್ಷಾಂಶ 70 ಡಿಗ್ರಿ 45 ನಿಮಿಷ, ಪೂರ್ವ ರೇಖಾಂಶ 11 ಡಿಗ್ರಿ 44 ನಿಮಿಷದಲ್ಲಿ. ಇನ್ನೂ ದಕ್ಷಿಣಕ್ಕೆ ಹೋದಂತೆ ಹಿಮವನ್ನು ಸೀಳಿಕೊಂಡು ಬೆಟ್ಟಸಾಲುಗಳು ಏಳುತ್ತವೆ. ಅವುಗಳಲ್ಲಿ ಎತ್ತರದ್ದು 3148 ಮೀಟರಿನ ಯೋಕುಲ್‌ಶುರ್ಕ್ಯಾ, ನಾರ್ವೆಯ ಮಾತಿನಲ್ಲಿ ‘ಹಿಮನದಿಯ ಇಗರ್ಜಿ’. ಈ ಬೆಟ್ಟಸಾಲು ಒಳಗಿನ ಪ್ರಸ್ಥಭೂಮಿಯ ಹಿಮಕ್ಕೆ ಕಟ್ಟೆಯಂತೆ ಅಡ್ಡ ನಿಂತಿದೆ. ಕಟ್ಟೆ ಒಡೆದಿರುವ ಕಡೆಗಳಲ್ಲಿ ಹಿಮ ನದಿಯಾಗಿ ನುಗ್ಗುತ್ತದೆ. ಅಂಥವುಗಳಲ್ಲಿ ದೊಡ್ಡದು ಯೂತುಲ್‌ಸ್ಟ್ರೌಮನ್. ಅದರ ಹಿಮವೇ ಮುಂದೆ ಫಿಂಬುಲ್ ಹಿಮಹಾಸಾಗಿ ಕಡಲಿಗೆ ಚಾಚುತ್ತದೆ. ಬೆಟ್ಟಗಳಾಚೆಗೆ ಧ್ರುವದವರೆಗೆ ಬರೀ ಹಿಮ. ನಕ್ಷೆಯಲ್ಲಿ ಅಲ್ಲಿ ಬರೆಯಲು ಏನೂ ಸಿಗುವುದಿಲ್ಲ, ಹೆಸರನ್ನು ಬಿಟ್ಟು.

ಓಸ್ಲೊ ವಾಸಿ

ಕೆಲಸದ ಮೇಲೆ ನಾರ್ವೆಗೆ ಬಂದು ಕೆಲವು ವರ್ಷಗಳಾದುವು, ಹಾಗಾಗಿ ಉಚ್ಚಾರಣೆಯ ಬಗ್ಗೆ ಹೇಳಬಲ್ಲೆ. ಇಲ್ಲಿಯವರ ಬಾಯಲ್ಲಿ ಅದು ‘ಮೌಡ್’ ಎಂಬುದಕ್ಕೆ ಹತ್ತಿರ. ‘ಮಾಡ್’ ಎಂಬುದು ಇಂಗ್ಲಿಷಿನ ದಾರಿಯಿಂದ ಬಂದದ್ದು. ‘ಡ್ರೋನಿಂಗ್’ ಎಂದರೆ ರಾಣಿ, ಅಷ್ಟೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ: ಮೌಡ್ ರಾಣಿ ಆ ನೆಲಕ್ಕೆ ಏನೂ ಮಾಡಲಿಲ್ಲ, ಅದನ್ನು ನೋಡಲೂ ಇಲ್ಲ. ಆಕೆ ಬ್ರಿಟನ್ನಿನ ಏಳನೆಯ ಎಡ್ವರ್ಡ್ ದೊರೆಯ ಮಗಳು, ನಾರ್ವೆಯ ಹೋಕನ್ ದೊರೆಯ ಹೆಂಡತಿ. 1938ರ ನವೆಂಬರಿನಲ್ಲಿ ತೀರಿಕೊಂಡಳು. ಎರಡು ತಿಂಗಳೂ ತುಂಬುವ ಮೊದಲೇ, 1939ರ ಜನವರಿ 14ರಂದು, ಆ ಪ್ರದೇಶ ತನ್ನದೆಂದು ನಾರ್ವೆ ರಾಜಾಜ್ಞೆ ಹೊರಡಿಸಿತು. ಹೆಸರು ಮಾತ್ರ ಇನ್ನೂ ಹಳೆಯದು. ವಿಮಾನ ಚಾಲಕ ಯಾಲ್ಮಾರ್ ರೀಸರ್-ಲಾರ್ಸನ್ 1930ರಲ್ಲಿ ಪೂರ್ವದ ಒಂದು ತುಣುಕಿಗೆ ಇಟ್ಟಿದ್ದನ್ನು ಆಮೇಲೆ ಇಡೀ ಪ್ರದೇಶಕ್ಕೆ ಹಿಗ್ಗಿಸಿದರು.

ತೀರದ ಹೆಸರುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಓದುತ್ತ ಹೋಗಿ, ರಾಜಮನೆತನದವರನ್ನು ಫೋಟೋಗೆ ಸಾಲಾಗಿ ನಿಲ್ಲಿಸಿದಂತಿದೆ: ಮಾರ್ತಾ, ಆಸ್ಟ್ರಿಡ್, ರಾಂಗ್ನಿಲ್, ಹಾರಾಲ್ಡ್, ಓಲಾವ್. ಓಲಾವ್ ಮೌಡ್ ರಾಣಿಯ ಒಬ್ಬನೇ ಮಗ, ಮಾರ್ತಾ ಸೊಸೆ, ಉಳಿದ ಮೂವರು ಮೊಮ್ಮಕ್ಕಳು. ರಾಂಗ್ನಿಲ್ ತೀರಕ್ಕೆ ಹೆಸರಿಟ್ಟಾಗ ಆ ರಾಜಕುಮಾರಿ ಇನ್ನೂ ವರ್ಷ ತುಂಬದ ಕೂಸು. ಹಾರಾಲ್ಡ್ ತೀರವನ್ನು ವಿಮಾನದಿಂದ ಕಂಡದ್ದು 1937ರ ಫೆಬ್ರವರಿಯಲ್ಲಿ, ರಾಜಕುಮಾರ ಹುಟ್ಟಿದ್ದೂ ಅದೇ ತಿಂಗಳಲ್ಲಿ. ಆ ವಿಮಾನದಲ್ಲಿ ಇಂಗ್ರಿಡ್ ಕ್ರಿಸ್ಟೆನ್ಸನ್ ಎಂಬ ಮಹಿಳೆಯೂ ಇದ್ದರು. ತಿಮಿಂಗಿಲ ಬೇಟೆಯ ದೊಡ್ಡ ಉದ್ಯಮಿ ಲಾರ್ಸ್ ಕ್ರಿಸ್ಟೆನ್ಸನ್ ಅವರ ಹೆಂಡತಿ.

ಅರಮನೆಯ ಹೆಸರುಗಳ ಹಿಂದಿನ ಅಸಲು ಸಂಗತಿ ಈ ಉದ್ಯಮವೇ. ತಿಮಿಂಗಿಲದ ಎಣ್ಣೆ ಆಗ ಭಾರೀ ವ್ಯಾಪಾರ. ಬ್ರಿಟನ್ ಒಂದೊಂದೇ ತೀರವನ್ನು ತನ್ನದೆಂದು ಹೇಳಿಕೊಂಡು ಬೇಟೆಯವರಿಗೆ ಪರವಾನಗಿ, ಸುಂಕ ಹಾಕುತ್ತಿತ್ತು. ನಾರ್ವೆಯ ಹಡಗುಗಳಿಗೆ ಯಾರ ಅಪ್ಪಣೆಯೂ ಬೇಡದ ಒಂದು ತೀರ ಬೇಕಿತ್ತು. ಹೆಸರಿಡುವ ಯಾತ್ರೆಗಳಿಗೆ ಹಣ ಸುರಿದದ್ದು ಲಾರ್ಸ್ ಕ್ರಿಸ್ಟೆನ್ಸನ್.

ಪದಮೋಹಿ

‘ಮೌಡ್’ ಒಪ್ಪಿದೆ. ಕಷ್ಟವಿರುವುದು ‘ಲ್ಯಾಂಡ್’ ಎಂಬಲ್ಲಿ. ‘ಮೌಡ್ ರಾಣಿಯ ನಾಡು’ ಎಂದರೆ ಕೇಳಲು ಹಿತವಾಗಿದೆ, ಆದರೆ ನಮ್ಮಲ್ಲಿ ನಾಡು ಎಂದರೆ ಜನ ಬಾಳುವ ಜಾಗ. ಕಾಡಿಗೆ ಎದುರಾದದ್ದು ನಾಡು. ಕಾಡೂ ಇಲ್ಲದ, ಜನವೂ ಇಲ್ಲದ ಕಡೆ ನಾಡು ಎಲ್ಲಿಂದ ಬರಬೇಕು? ‘ಭೂಮಿ’ ಎಂದರೆ ಹೊಲದ ಪಹಣಿಯಂತೆ, ಮಾಲೀಕರು ಯಾರೋ ಇದ್ದಾರೆಂಬ ಅರ್ಥ ಬರುತ್ತದೆ. ‘ಪ್ರದೇಶ’ ತಪ್ಪಿಲ್ಲ, ರುಚಿಯೂ ಇಲ್ಲ.

ನನ್ನ ಸೂಚನೆ ‘ಸೀಮೆ’. ಬಯಲುಸೀಮೆ ಎನ್ನುವಾಗ ಅದು ಪ್ರದೇಶ. ಊರಿನ ಸೀಮೆ ಎನ್ನುವಾಗ ಅದು ಎಲ್ಲೆ. ಸೀಮೆಎಣ್ಣೆ, ಸೀಮೆಹಸು, ಸೀಮೆಸುಣ್ಣ ಎನ್ನುವಾಗ ಕಡಲಾಚೆಯಿಂದ ಬಂದದ್ದು. ‘ಮೌಡ್ ರಾಣಿ ಸೀಮೆ’ ಎಂದರೆ ಮೂರೂ ಅರ್ಥ ಒಟ್ಟಿಗೆ ಬಂದವು. ಹೊರಗಿನವರು ಹೋಗಿ ಎಲ್ಲೆ ಗುರುತು ಮಾಡಿದ ಪ್ರದೇಶ ತಾನೇ ಅದು?

ಅನುಮಾನಿ

ಕ್ಷಮಿಸಿ, ನನಗೆ ಈ ಚರ್ಚೆಯ ಬುಡವೇ ಒಪ್ಪಿಗೆಯಾಗುತ್ತಿಲ್ಲ. ನಾರ್ವೆಯ ಹಕ್ಕುಸಾಧನೆಯನ್ನು ಭಾರತ ಮಾನ್ಯ ಮಾಡಿಲ್ಲ, ಅಲ್ಲಿ ಯಾರ ಹಕ್ಕನ್ನೂ ಮಾನ್ಯ ಮಾಡಿಲ್ಲ. ಹೀಗಿರುವಾಗ ನಮ್ಮ ನೆಲೆ ಇರುವ ಜಾಗಕ್ಕೆ ಅವರ ರಾಣಿಯ ಹೆಸರನ್ನು ನಮ್ಮ ಶಾಲೆಯ ಗೋಡೆಯ ಮೇಲೆ ನಾವೇಕೆ ಬರೆಯಬೇಕು? ಹಕ್ಕು ಬೇಡ, ಹೆಸರು ಇರಲಿ ಎಂಬುದು ಬಾಗಿಲಲ್ಲಿ ತಡೆದು ಕಿಟಕಿಯಲ್ಲಿ ಒಳಗೆ ಬಿಟ್ಟಂತೆ.

ಮೊದಲು ಕಂಡವರ ಲೆಕ್ಕ ಹಿಡಿದರೂ ನಾರ್ವೆಯವರು ಮೊದಲಿಗರಲ್ಲ. 1820ರ ಜನವರಿಯಲ್ಲಿ ರಷ್ಯಾದ ಬೆಲ್ಲಿಂಗ್ಸ್‌ಹೌಸೆನ್ ಮತ್ತು ಲಾಜರೆವ್ ಅವರ ಎರಡು ಹಡಗುಗಳು, ಈಗ ಮಾರ್ತಾ ತೀರ ಎನ್ನುವ ಕಡೆಯ ಹಿಮಹಾಸಿನ ಅಂಚನ್ನು ಕಂಡಿದ್ದವು. ಖಂಡದ ಅಂಚನ್ನು ಮನುಷ್ಯರು ಕಂಡ ಮೊದಲ ದಾಖಲೆಗಳಲ್ಲಿ ಅದೂ ಒಂದು. ಬೆಲ್ಲಿಂಗ್ಸ್‌ಹೌಸೆನ್ ಹೆಸರಿನ ಸಮುದ್ರ ಇರುವುದು ಖಂಡದ ಇನ್ನೊಂದು ಮಗ್ಗುಲಿನಲ್ಲಿ. ಕಂಡ ಕಡೆ ರಾಜಕುಮಾರಿಯ ಹೆಸರು, ಕಂಡವನ ಹೆಸರು ಬೇರೆಲ್ಲೋ.

ಭೂಗೋಳದ ಮೇಷ್ಟ್ರು

ಅನುಮಾನಿಯವರ ಆಕ್ಷೇಪ ತೂಕದ್ದು, ಆದರೆ ಹೆಸರಿಗೂ ಹಕ್ಕಿಗೂ ನಡುವಿನ ಗಂಟನ್ನು ಬಿಚ್ಚುವ ಕೆಲಸ ಆಗಲೇ ಆಗಿದೆ. 1959ರ ಡಿಸೆಂಬರ್ 1ರಂದು ಸಹಿಯಾಗಿ 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕಾ ಒಪ್ಪಂದದ ನಾಲ್ಕನೆಯ ವಿಧಿ, ಹಳೆಯ ಹಕ್ಕುಸಾಧನೆಗಳನ್ನು ಎತ್ತಿಯೂ ಹಿಡಿಯದೆ ತಳ್ಳಿಯೂ ಹಾಕದೆ ಇದ್ದಲ್ಲೇ ಹೆಪ್ಪುಗಟ್ಟಿಸಿಟ್ಟಿದೆ. ಒಪ್ಪಂದ ಜಾರಿಯಲ್ಲಿರುವಾಗ ಅಲ್ಲಿ ಯಾರು ಏನು ಮಾಡಿದರೂ ಅದು ಹಕ್ಕಿಗೆ ಆಧಾರವಾಗುವುದಿಲ್ಲ, ಹೊಸ ಹಕ್ಕನ್ನೂ ಹೂಡುವಂತಿಲ್ಲ. ಹಳೆಯ ಹಕ್ಕುದಾರರು ಏಳು: ಅರ್ಜೆಂಟೀನಾ, ಆಸ್ಟ್ರೇಲಿಯಾ, ಚಿಲಿ, ಫ್ರಾನ್ಸ್, ನ್ಯೂಜಿಲೆಂಡ್, ನಾರ್ವೆ, ಬ್ರಿಟನ್. ಭಾರತ 1983ರ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸೇರಿತು.

ಬಳಕೆಯ ಮಾತಿಗೆ ಬಂದರೆ, ನಮ್ಮ ವಿಜ್ಞಾನಿಗಳು ಕೇಪ್‌ಟೌನಿನಿಂದ ವಿಮಾನದಲ್ಲಿ ಹೋಗಲು ಬಳಸುವ ಹನ್ನೊಂದು ದೇಶಗಳ ಜಾಲದ ಹೆಸರು ಡ್ರೋಮ್‌ಲ್ಯಾನ್. ಅದನ್ನು ಬಿಡಿಸಿದರೆ ಮೊದಲು ಸಿಗುವುದೇ ‘ಡ್ರೋನಿಂಗ್ ಮೌಡ್ ಲಾಂಡ್’. ಆ ಹನ್ನೊಂದರಲ್ಲಿ ಭಾರತವೂ ಇದೆ, ರಷ್ಯಾವೂ ಇದೆ. ಹಕ್ಕನ್ನು ಒಪ್ಪದ ದೇಶಗಳೇ ಹೆಸರನ್ನು ದಿನನಿತ್ಯ ಬಳಸುತ್ತಿವೆ. ಯಾರದೋ ಹೆಸರಿನ ರಸ್ತೆಯಲ್ಲಿ ನಡೆದರೆ ರಸ್ತೆ ಅವರದಾಗುವುದಿಲ್ಲವಲ್ಲ.

ಓಸ್ಲೊ ವಾಸಿ

ಗಡಿಗೆರೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ಅದರ ಕತೆಯೇ ಸ್ವಾರಸ್ಯದ್ದು. ಉಳಿದ ಹಕ್ಕುದಾರರಲ್ಲಿ ಹೆಚ್ಚಿನವರು ಹೋಳಿಗೆಯನ್ನು ನಡುವಿನಿಂದ ಕೊಯ್ದಂತೆ ಧ್ರುವದಿಂದ ತೀರದವರೆಗೆ ತ್ರಿಕೋನದ ತುಂಡು ಎಂದು ಹೇಳಿಕೊಂಡರು. ನಾರ್ವೆ ಹಾಗೆ ಮಾಡಲಿಲ್ಲ. ಬ್ರಿಟಿಷ್ ಭಾಗದ ಅಂಚಿನಿಂದ ಆಸ್ಟ್ರೇಲಿಯಾ ಭಾಗದ ಅಂಚಿನವರೆಗಿನ ತೀರ, ಆ ತೀರದ ಒಳಗಿನ ನೆಲ ಮತ್ತು ಹೊರಗಿನ ಕಡಲು ಎಂದಷ್ಟೇ 1939ರ ಆಜ್ಞೆ ಹೇಳಿತು. ಒಳಗೆ ಎಲ್ಲಿಯವರೆಗೆ ಎಂದು ಹೇಳಲಿಲ್ಲ. ಕಾರಣವಿರುವುದು ಉತ್ತರ ಧ್ರುವದಲ್ಲಿ. ಅಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟ ಇದೇ ತ್ರಿಕೋನದ ಲೆಕ್ಕದಲ್ಲಿ ಹಕ್ಕು ಹೇಳುತ್ತಿದ್ದವು, ನಾರ್ವೆ ಅದನ್ನು ವಿರೋಧಿಸುತ್ತಿತ್ತು. ಅಲ್ಲಿ ಬೇಡವೆಂದದ್ದನ್ನು ಇಲ್ಲಿ ಬೇಕೆನ್ನುವುದು ಹೇಗೆ? ಹಾಗಾಗಿ ನಕ್ಷೆಗಳಲ್ಲಿ ಎಷ್ಟೋ ಕಾಲ ಈ ಪ್ರದೇಶಕ್ಕೆ ದಕ್ಷಿಣದ ಗೆರೆಯೇ ಇರಲಿಲ್ಲ. ಧ್ರುವದವರೆಗೆ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ತಮ್ಮ ವಿರೋಧವಿಲ್ಲ ಎಂಬ ನಿಲುವನ್ನು ಸರ್ಕಾರ 2015ರ ಶ್ವೇತಪತ್ರದಲ್ಲಿ ಬರೆಯಿತು. ಪದಮೋಹಿಯವರ ‘ಸೀಮೆ’ ಎಂಬ ಪದ ನೋಡಿ ನಕ್ಕದ್ದು ಇದಕ್ಕೇ. ಸೀಮೆಯೇ ಇಲ್ಲದ ಸೀಮೆ.

ಇನ್ನೊಂದು ಮಾತು. ಇದು 1957ರಿಂದ ನಾರ್ವೆಯ ಕಾನೂನಿನಲ್ಲಿ ‘ಬೀಲಾಂಡ್’, ಅಂದರೆ ಅಧೀನ ಪ್ರದೇಶ. ಬೂವೆ ದ್ವೀಪ, ಒಂದನೆಯ ಪೀಟರ್ ದ್ವೀಪ ಇವೂ ಹಾಗೆಯೇ. ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹ ಹಾಗಲ್ಲ, ಅದು ನಾರ್ವೆ ರಾಜ್ಯದ್ದೇ ಭಾಗ. ಧ್ರುವದ ನೆಲಗಳೆಲ್ಲ ಒಂದೇ ಎಂದು ಒಂದೇ ಬಣ್ಣ ಬಳಿಯಬೇಡಿ.

ಅನುಮಾನಿ

ಬಣ್ಣ ಬಳಿಯುವುದೇ ಬೇಡ ಎನ್ನುತ್ತೇನೆ. ಆದರೆ ರಸ್ತೆಯ ಹೋಲಿಕೆಯನ್ನು ಒಪ್ಪಲಾರೆ. ರಸ್ತೆಗೆ ಹೆಸರಿಟ್ಟ ಪುರಸಭೆ ಆ ರಸ್ತೆಯ ಮೇಲೆ ಹಕ್ಕು ಹೇಳುತ್ತಿರುವುದಿಲ್ಲ. ಇಲ್ಲಿ ಹೆಸರಿಟ್ಟದ್ದೇ ಹಕ್ಕಿಗಾಗಿ. ಓಸ್ಲೊ ವಾಸಿಯವರೇ ಹೇಳಿದ ಆ ಜನವರಿ 14ರ ತುರ್ತನ್ನು ನೋಡಿ. ಜರ್ಮನಿಯ ‘ಶ್ವಾಬೆನ್‌ಲಾಂಡ್’ ಹಡಗು ಅದೇ ತೀರದತ್ತ ಹೊರಟಿತ್ತು. ಅದು ಹಿಮದ ಅಂಚನ್ನು ಮುಟ್ಟಿದ್ದು ಜನವರಿ 19ರಂದು, ಆಜ್ಞೆ ಹೊರಟು ಐದು ದಿನಕ್ಕೆ. ಆಲ್‌ಫ್ರೆಡ್ ರಿಟ್‌ಶರ್ ನಾಯಕತ್ವದ ಆ ತಂಡದ ಬೋರಿಯಾಸ್, ಪಸಾಟ್ ಎಂಬ ಎರಡು ಕಡಲವಿಮಾನಗಳು ಸಾವಿರಾರು ಫೋಟೋ ತೆಗೆದವು, ಸ್ವಸ್ತಿಕ ಕೊರೆದ ಲೋಹದ ಬಾಣಗಳನ್ನು ಹಿಮದ ಮೇಲೆ ಎಸೆದವು. ಆ ಭಾಗಕ್ಕೆ ‘ನೋಯ್‌ಶ್ವಾಬೆನ್‌ಲಾಂಡ್’ ಎಂದು ಹೆಸರಿಟ್ಟರು. ಬೆಟ್ಟಗಳಿಗೂ ಇಟ್ಟರು, ಯಾರ ಹೆಸರು ಎಂದು ನೋಡಿ: ಮ್ಯೂಲಿಗ್-ಹೋಫ್‌ಮನ್ ಎಂಬಾತ ಅವರ ವಾಯುಯಾನ ಸಚಿವಾಲಯದ ಅಧಿಕಾರಿ, ವೋಲ್‌ಟಾಟ್ ಎಂಬಾತ ಯಾತ್ರೆಯ ಹಣಕಾಸು ನೋಡಿಕೊಂಡವನು. ಈ ಹೆಸರುಗಳು ಇಂದಿಗೂ ನಕ್ಷೆಯಲ್ಲಿವೆ. ಮೈತ್ರಿಯ ಕಿಟಕಿಯಿಂದ ದಕ್ಷಿಣಕ್ಕೆ ನೋಡಿದರೆ ಇರುವ ಬೆಟ್ಟಸಾಲು ಹಿಟ್ಲರ್ ಸರ್ಕಾರದ ಅಧಿಕಾರಿಯ ಹೆಸರಿನದು ಎಂದು ಮಕ್ಕಳಿಗೆ ಹೇಗೆ ಹೇಳುತ್ತೀರಿ?

ಭೂಗೋಳದ ಮೇಷ್ಟ್ರು

ಹಾಗೆಯೇ ಹೇಳುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ನಕ್ಷೆ ತೋರಿಸಿದವನು ನಾನು. ಮಕ್ಕಳಿಗೆ ಹೇಳಲಾಗದ್ದು ಕಡಿಮೆ, ದೊಡ್ಡವರು ಹೇಳದೆ ಬಿಡುವುದೇ ಹೆಚ್ಚು. ಷಿರ್ಮಾಖರ್ ಕೂಡ ಅದೇ ಯಾತ್ರೆಯ ವಿಮಾನ ಚಾಲಕ, ಬೋರಿಯಾಸ್ ಹಾರಿಸಿದವನು. ಆದರೂ ಅಧಿಕಾರಿಯ ಹೆಸರಿಗೂ ಈ ಹೆಸರಿಗೂ ವ್ಯತ್ಯಾಸ ಕಾಣುತ್ತೇನೆ, ಈತ ಕಡೇಪಕ್ಷ ಆ ಬಂಡೆನೆಲವನ್ನು ಕಣ್ಣಾರೆ ಕಂಡ.

ಜರ್ಮನ್ ಫೋಟೋಗಳ ಗತಿಯನ್ನೂ ಹೇಳಬೇಕು. ನೆಲದ ಮೇಲೆ ನಿಂತು ಅಳೆದ ಗುರುತುಗಳು ಇಲ್ಲದ್ದರಿಂದ, ಯಾವ ಬೆಟ್ಟ ನಿಖರವಾಗಿ ಎಲ್ಲಿದೆ ಎಂದು ಅವುಗಳಿಂದ ಹೇಳುವುದು ಕಷ್ಟವಾಯಿತು. ಹೆಸರಿತ್ತು, ವಿಳಾಸವಿರಲಿಲ್ಲ. ಸರಿಯಾದ ನಕ್ಷೆಯ ಕೆಲಸ ಶುರುವಾದದ್ದು ಯುದ್ಧದ ನಂತರ, 1949ರಿಂದ 1952ರವರೆಗೆ ನಾರ್ವೆ, ಬ್ರಿಟನ್, ಸ್ವೀಡನ್ ಮೂರೂ ಸೇರಿ ಮೌಡ್‌ಹೈಮ್ ಎಂಬ ನೆಲೆ ಹೂಡಿದಾಗ. ಆಮೇಲೆ ನಾರ್ವೆಯವರು ತಮ್ಮ ಪುರಾಣವನ್ನೆಲ್ಲ ಹಿಮದ ಮೇಲೆ ಹರವಿದರು. ಯೂತುಲ್ ಎಂದರೆ ಬೆಟ್ಟದ ದೈತ್ಯ. ಅವನ ಪೀಠ ಯೂತುಲ್‌ಸೆಸೆನ್, ಅಲ್ಲಿ ಅವರ ಟ್ರೋಲ್ ನೆಲೆ. ಫೆನ್ರಿಸ್ ಎಂಬ ಪುರಾಣದ ತೋಳದ ದವಡೆ ಒಂದು ಬೆಟ್ಟಸಾಲು, ಆ ದವಡೆಯೊಳಗೆ ಉಲ್ವೆತಾನಾ, ತೋಳದ ಹಲ್ಲು. ಚಿತ್ರ ನೋಡಿದವರಿಗೆ ಗೊತ್ತು, ಹಿಮದಿಂದ ಮೇಲೆದ್ದ ಆ ಕಲ್ಲುಗಳಿಗೆ ಬೇರೆ ಹೆಸರು ಒಪ್ಪುವುದೇ ಇಲ್ಲ. ಹೆಸರಿಡುವ ಕಲೆಯಲ್ಲಿ ನನ್ನ ಮತ ರಾಜಕುಮಾರಿಯರಿಗಲ್ಲ, ಈ ತೋಳಕ್ಕೆ.

ಅಂಚೆಪ್ರಿಯ

ನನ್ನ ಬಳಿ ‘ದಕ್ಷಿಣ ಗಂಗೋತ್ರಿ’ ಮೊಹರು ಬಿದ್ದ ಲಕೋಟೆಯೊಂದಿದೆ, ಅದರಿಂದ ಈ ಚರ್ಚೆಗೆ ನಾಲ್ಕು ಮಾತು. ದಕ್ಷಿಣ ಗಂಗೋತ್ರಿ ನಮ್ಮ ಮೊದಲ ನೆಲೆ. 1983-84ರ ಯಾತ್ರೆಯಲ್ಲಿ ಅದನ್ನು ಹಿಮಹಾಸಿನ ಮೇಲೆಯೇ ಕಟ್ಟಿದ್ದರು. ಹಿಮ ವರ್ಷವರ್ಷವೂ ಬಿದ್ದು ಕಟ್ಟಡ ಹೂತುಹೋಗುತ್ತ ಬಂದದ್ದರಿಂದ ಅದನ್ನು ಬಿಟ್ಟು, ಗಟ್ಟಿ ಬಂಡೆಯ ಮೇಲೆ ಮೈತ್ರಿಯನ್ನು ಕಟ್ಟಿದರು. ಅದು ಶುರುವಾದದ್ದು 1989ರಲ್ಲಿ. ದಕ್ಷಿಣ ಗಂಗೋತ್ರಿಯಲ್ಲಿ 1984ರಲ್ಲಿ ತೆರೆದ ಅಂಚೆ ಕಚೇರಿ ಗೋವಾ ವಿಭಾಗಕ್ಕೆ ಸೇರಿತ್ತು. ಲಕೋಟೆಯನ್ನು ಹೇಗೆ ತಿರುಗಿಸಿ ನೋಡಿದರೂ ಮೌಡ್ ರಾಣಿ ಕಾಣುವುದಿಲ್ಲ.

ಅನುಮಾನಿಯವರು ಬಿಟ್ಟ ಒಂದು ಸಂಗತಿ: ಹೆಸರಿಡುವ ಆಟವನ್ನು ನಾವೂ ಆಡಿದ್ದೇವೆ. ಮೈತ್ರಿಗೆ ನೀರು ಕೊಡುವ ಕೆರೆ ಪ್ರಿಯದರ್ಶಿನಿ, ಇಂದಿರಾ ಗಾಂಧಿಯವರ ಹೆಸರು. ಷಿರ್ಮಾಖರ್ ಓಯಸಿಸ್‌ನ ಪಶ್ಚಿಮದಲ್ಲಿ ಇಳಿದು ಬರುವ ಹಿಮನದಿಗೆ ದಕ್ಷಿಣ ಗಂಗೋತ್ರಿ ಹಿಮನದಿ ಎಂದೇ ಹೆಸರು, ಅದರ ಮೂತಿ ಎಷ್ಟು ಹಿಂದೆ ಸರಿಯುತ್ತಿದೆ ಎಂದು ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಅಳೆಯುತ್ತಾರೆ. ಪಕ್ಕದಲ್ಲೇ ನಾಲ್ಕೈದು ಕಿಲೋಮೀಟರಿಗೆ ರಷ್ಯಾದ ನೊವೊಲಾಜರೆವ್‌ಸ್ಕಯಾ, 1820ರ ಆ ಲಾಜರೆವ್ ಹೆಸರಿನದು. ಪೂರ್ವ ಜರ್ಮನಿಯ ಜಾರ್ಜ್ ಫಾರ್ಸ್ಟರ್ ನೆಲೆಯೂ ಇಲ್ಲೇ ಇತ್ತು, ದೇಶವೇ ಇಲ್ಲವಾದ ಮೇಲೆ 1993ರಲ್ಲಿ ನೆಲೆಯೂ ಮುಚ್ಚಿತು. ಇಪ್ಪತ್ತೈದು ಕಿಲೋಮೀಟರಿನ ಬಂಡೆನೆಲದಲ್ಲಿ ಎಷ್ಟೊಂದು ಭಾಷೆ! ಅಂದಹಾಗೆ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟು ಮುಂದಿನ ಜನವರಿ 9ರಂದು ಅಲ್ಲಿ ಇಳಿದ ನಮ್ಮ ಮೊದಲ ತಂಡ ಹೋದದ್ದು ‘ಪೋಲಾರ್ ಸರ್ಕಲ್’ ಎಂಬ ಬಾಡಿಗೆ ಹಡಗಿನಲ್ಲಿ. ಆ ಹಡಗು ನಾರ್ವೆಯದು.

ನಕ್ಷೆಗಾರ

ಲಕೋಟೆಯ ಮಾತು ಕೇಳಿ ಒಂದು ಗೊಂದಲ ಎದುರಾಯಿತು. ಭಾರತಿ ನೆಲೆಯ ಬಳಿ ‘ಪ್ರಿನ್ಸೆಸ್ ಎಲಿಜಬೆತ್ ಲ್ಯಾಂಡ್’ ಎಂದು ಬರೆದಿದ್ದೇನೆ. ಆದರೆ ಮೌಡ್ ಸೀಮೆಯ ಒಳಗೇ ‘ಪ್ರಿನ್ಸೆಸ್ ಎಲಿಸಬೆತ್’ ಎಂಬುದು ಇನ್ನೊಂದು ಸಿಕ್ಕಿತು. ವೆಡೆಲ್ ಸಮುದ್ರದ ದಕ್ಷಿಣಕ್ಕೆ ‘ಕ್ವೀನ್ ಎಲಿಜಬೆತ್ ಲ್ಯಾಂಡ್’ ಬೇರೆ. ಯಾವುದೋ ಒಂದು ತಪ್ಪಿರಬೇಕಲ್ಲವೇ?

ಭೂಗೋಳದ ಮೇಷ್ಟ್ರು

ಮೂರೂ ಸರಿ. ಭಾರತಿ ಇರುವುದು ಮೈತ್ರಿಯಿಂದ ಪೂರ್ವಕ್ಕೆ ಸುಮಾರು 64 ಡಿಗ್ರಿ ರೇಖಾಂಶದ ಆಚೆ, ಆಸ್ಟ್ರೇಲಿಯಾ ತನ್ನದೆನ್ನುವ ಭಾಗದಲ್ಲಿ. ಆಸ್ಟ್ರೇಲಿಯಾದ ಅನ್ವೇಷಕ ಮಾಸನ್ 1931ರಲ್ಲಿ ಆ ಕಡೆಗೆ ಇಟ್ಟದ್ದು ಆಗ ಪುಟ್ಟ ಹುಡುಗಿಯಾಗಿದ್ದ ಬ್ರಿಟನ್ನಿನ ರಾಜಕುಮಾರಿಯ ಹೆಸರು. ಆಕೆ ರಾಣಿಯಾಗಿ ಅರವತ್ತು ವರ್ಷ ತುಂಬಿದಾಗ, 2012ರಲ್ಲಿ, ಬ್ರಿಟನ್ ತನ್ನದೆನ್ನುವ ಭಾಗದ ಇನ್ನೊಂದು ನೆಲಕ್ಕೆ ರಾಣಿ ಎಂದು ಸೇರಿಸಿ ಅದೇ ಹೆಸರಿಟ್ಟರು. ಆ ನೆಲ ತನ್ನದೆನ್ನುವ ಅರ್ಜೆಂಟೀನಾ ಪ್ರತಿಭಟಿಸಿತು. ಮೌಡ್ ಸೀಮೆಯಲ್ಲಿ ನಿಮಗೆ ಸಿಕ್ಕಿದ್ದು ನೆಲವಲ್ಲ, ಬೆಲ್ಜಿಯಂನ ಸಂಶೋಧನಾ ನೆಲೆ. ಆ ಎಲಿಸಬೆತ್ ಬೆಲ್ಜಿಯಂನ ರಾಜಕುಮಾರಿ. ಇನ್ನೊಂದು ಗುಂಡಿ ಇದೆ, ಬೀಳಬೇಡಿ: ‘ಕ್ವೀನ್ ಮಾಡ್ ಮೌಂಟನ್ಸ್’ ಎಂಬ ಬೆಟ್ಟಗಳು ಮೌಡ್ ಸೀಮೆಯಲ್ಲಿಲ್ಲ. ಅವು ರಾಸ್ ಸಮುದ್ರದ ಕಡೆಯಿಂದ ಧ್ರುವಕ್ಕೆ ಹೋಗುವ ದಾರಿಯಲ್ಲಿವೆ, 1911ರಲ್ಲಿ ನಾರ್ವೆಯ ಅನ್ವೇಷಕ ಅಮುಂಡ್ಸೆನ್ ಇಟ್ಟ ಹೆಸರು.

ಭಾರತಿಯ ಬಗ್ಗೆ ಕೊನೆಯದೊಂದು. ಅದು ನಿಂತಿರುವ ತೀರದ ಹೆಸರು ಇಂಗ್ರಿಡ್ ಕ್ರಿಸ್ಟೆನ್ಸನ್ ತೀರ. ಓಸ್ಲೊ ವಾಸಿಯವರು ಹೇಳಿದ ಆ ವಿಮಾನದ ಮಹಿಳೆಯೇ ಇವರು. ಆಸ್ಟ್ರೇಲಿಯಾದ ಹಕ್ಕು, ಇಂಗ್ಲಿಷ್ ರಾಜಕುಮಾರಿಯ ನೆಲ, ನಾರ್ವೆಯ ತಿಮಿಂಗಿಲ ವ್ಯಾಪಾರಿಯ ಹೆಂಡತಿಯ ತೀರ, 2012ರಿಂದ ಅದರ ಮೇಲೆ ನಮ್ಮ ಭಾರತಿ.

ಪದಮೋಹಿ

ಇಷ್ಟಕ್ಕೆಲ್ಲ ಒಬ್ಬ ಯಜಮಾನ ಇಲ್ಲವೇ ಎಂದು ಹುಡುಕಿದೆ, ಇಲ್ಲ. ಆಯಾ ದೇಶದ ಹೆಸರು ಸಮಿತಿ ತಾನು ಒಪ್ಪಿದ್ದನ್ನು ಬರೆದುಕೊಳ್ಳುತ್ತದೆ. ಅಂಟಾರ್ಕ್ಟಿಕಾ ಸಂಶೋಧನೆಯ ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿ ಅವನ್ನೆಲ್ಲ ಒಂದು ಸಂಯುಕ್ತ ಪಟ್ಟಿಯಲ್ಲಿ ಕೂಡಿಸಿಡುತ್ತದೆ. ಸುಮಾರು 19,000 ತಾಣಗಳಿಗೆ ಅದರಲ್ಲಿ 36,000ಕ್ಕೂ ಹೆಚ್ಚು ಹೆಸರುಗಳಿವೆ. ಹೊಸದಾಗಿ ಇಡುವಾಗ ಒಂದು ತಾಣಕ್ಕೆ ಒಂದೇ ಹೆಸರು ಇರಲಿ ಎಂಬ ಸಲಹೆಯೇನೋ ಇದೆ. ಅಂದಮೇಲೆ ಕನ್ನಡದ ರೂಪ ಯಾವುದೆಂದು ತೀರ್ಮಾನಿಸಲು ನಾವು ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಹೊಸ ಹೆಸರು ಹುಟ್ಟಿಸುವ ಹಕ್ಕೂ ನಮಗಿಲ್ಲ. ಇರುವ ಹೆಸರನ್ನು ನಮ್ಮ ಬಾಯಿಗೆ ಒಗ್ಗಿಸುವುದಷ್ಟೇ ನಮ್ಮ ಕೆಲಸ.

ಅನುಮಾನಿ

ಒಪ್ಪಿದೆ ಎನ್ನಲಾರೆ, ಆದರೆ ದಾರಿ ಬಿಡುತ್ತೇನೆ. ಒಂದೇ ಷರತ್ತು: ಹೆಸರು ಇರಲಿ, 20 ಡಿಗ್ರಿ ಮತ್ತು 45 ಡಿಗ್ರಿಯಲ್ಲಿ ಧ್ರುವದಿಂದ ತೀರಕ್ಕೆ ಎಳೆಯುವ ಆ ಎರಡು ಗೆರೆಗಳು ಬೇಡ. ಗೆರೆ ಇಲ್ಲದಿದ್ದರೆ ಹೆಸರು ಹಿಮದ ಮೇಲೆ ಹರಡಿದ ಅಕ್ಷರ ಮಾತ್ರ. ಗೆರೆ ಬಂದರೆ ಅದು ಬೇಲಿ.

ನಕ್ಷೆಗಾರ

ಗೆರೆ ಹಾಕಲಿಲ್ಲ. ‘ಮೌಡ್ ರಾಣಿ ಸೀಮೆ’ ಎಂಬುದನ್ನು ಅಕ್ಷರಗಳ ನಡುವೆ ಅಂತರ ಬಿಟ್ಟು, ಎಪ್ಪತ್ತನೆಯ ಅಕ್ಷಾಂಶಕ್ಕಿಂತ ಒಳಗೆ ಬಾಗಿಸಿ ಬರೆದು ಶಾಯಿ ಹಾಕಿದೆ. ಎಪ್ಪತ್ತನೆಯ ಅಕ್ಷಾಂಶದ ಗುಂಟ ಅಳೆದರೆ ಇಡೀ ಸೀಮೆಗೆ ಇಪ್ಪತ್ತೈದು ಸೆಂಟಿಮೀಟರ್ ಸಿಗುತ್ತದೆ. ಮಾರ್ತಾ ತೀರಕ್ಕೆ ಒಂಬತ್ತು ಸೆಂಟಿಮೀಟರಿಗೂ ಹೆಚ್ಚು ಜಾಗ, ಮುಂದೆ ದೊರೆಗಳಾದ ಹಾರಾಲ್ಡ್ ಮತ್ತು ಓಲಾವ್ ಇಬ್ಬರಿಗೂ ತಲಾ ಎರಡರ ಆಸುಪಾಸು. ‘ಕರಾವಳಿ’ ಎಂದರೆ ಹಿಡಿಸುವುದಿಲ್ಲ, ‘ತೀರ’ ಎಂದು ಬರೆದೆ. ವೋಲ್‌ಟಾಟ್ ಬೆಟ್ಟಗಳನ್ನು ಬಿಟ್ಟಿಲ್ಲ, ಮಕ್ಕಳು ಕೇಳಿದಾಗ ಮೇಷ್ಟ್ರನ್ನು ಕರೆಸುತ್ತೇನೆ.

ಉಳಿದಿರುವ ತೊಡಕು ಷಿರ್ಮಾಖರ್ ಓಯಸಿಸ್. ನನ್ನ ಅಳತೆಯಲ್ಲಿ ಅದು ಎರಡೂವರೆ ಮಿಲಿಮೀಟರ್, ಮೈತ್ರಿಗೆ ಇಟ್ಟ ಕೆಂಪು ಚುಕ್ಕೆ ಅದನ್ನು ಪೂರ್ತಿ ನುಂಗಿಬಿಟ್ಟಿದೆ. ಪ್ರಿಯದರ್ಶಿನಿ ಕೆರೆ, ದಕ್ಷಿಣ ಗಂಗೋತ್ರಿ ಹಿಮನದಿ, ನೊವೊಲಾಜರೆವ್‌ಸ್ಕಯಾ ಯಾವುದಕ್ಕೂ ಜಾಗವಿಲ್ಲ. ಮೇಲಿನ ಅಂಚಿನಲ್ಲಿ ಬೇರೆ ಚೌಕ ಮಾಡಿ, ಸೆಂಟಿಮೀಟರಿಗೆ ಒಂದು ಕಿಲೋಮೀಟರಿನಂತೆ ಬರೆಯೋಣವೆಂದಿದ್ದೇನೆ. ಆ ಚೌಕದಲ್ಲಿ ಉತ್ತರ ಎತ್ತ ಇರಬೇಕು? ದೊಡ್ಡ ನಕ್ಷೆಯಲ್ಲಿ ಧ್ರುವ ನಡುವೆ ಇರುವುದರಿಂದ ಉತ್ತರ ಎಲ್ಲ ಕಡೆಯೂ ಇದೆ.

ಭೂಗೋಳದ ಮೇಷ್ಟ್ರು

ಸೊನ್ನೆ ರೇಖಾಂಶವನ್ನು ಮೇಲಕ್ಕೆ ಇಟ್ಟಿದ್ದೀರಿ ತಾನೇ? ಹಾಗಿದ್ದರೆ ಮೈತ್ರಿ ಇರುವ ಕಡೆ ಉತ್ತರವೆಂದರೆ ಹೆಚ್ಚುಕಡಿಮೆ ಮೇಲಕ್ಕೇ, ಹನ್ನೆರಡು ಡಿಗ್ರಿಯಷ್ಟು ಬಲಕ್ಕೆ ಓರೆ. ಚೌಕದಲ್ಲಿ ಉತ್ತರವನ್ನು ಮೇಲೆ ಇಟ್ಟರೆ ಎರಡೂ ಹೊಂದುತ್ತವೆ. ಭಾರತಿಗೂ ಹೀಗೆ ಚೌಕ ಮಾಡುವುದಾದರೆ ಎಚ್ಚರ, ನಿಮ್ಮ ಹಾಳೆಯಲ್ಲಿ ಅಲ್ಲಿಯ ಉತ್ತರ ಬಲಗಡೆಯ ಗೋಡೆಯತ್ತ ಇದೆ. ಬಾಣದ ಗುರುತನ್ನು ಎರಡೂ ಚೌಕಗಳಲ್ಲಿ ಬೇರೆಬೇರೆಯಾಗಿ ಹಾಕಿ.